‘ಏನೂ ಕಷ್ಟ ಇಲ್ಲ, ಆದ್ರೂ ಅಳು ಬರುತ್ತೆ’

ಪ್ರಶ್ನೆ: ನನಗೆ 24 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿ. ಬಿ.ಕಾಂ. ಮುಗಿಸಿ ತಾಲ್ಲೂಕು ಕೇಂದ್ರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಬಾಗಿಲಿಗೆ ನೀರು, ರಂಗೋಲಿ, ತಿಂಡಿ, ತಮ್ಮನ ಡಬ್ಬಿ, ಅಜ್ಜಿಗೆ ಬಿಸಿನೀರು ಎಲ್ಲ ಮುಗಿಸಿ ಎಂಟರ ಬಸ್ಸು ಹಿಡಿಯಬೇಕು. ಸಂಜೆ ಏಳಕ್ಕೆ ಮನೆ. ಮತ್ತೆ ಅಡುಗೆ, ಪಾತ್ರೆ. ಮಲಗುವುದು ಹನ್ನೊಂದಕ್ಕೆ. ಮನೆಯಲ್ಲಿ ಏನೂ ಕಷ್ಟ ಇಲ್ಲ, ಯಾರೂ ಬೈಯುವುದಿಲ್ಲ. ಆದರೂ ನಾಲ್ಕು ತಿಂಗಳಿಂದ ಸುಮ್ಮಸುಮ್ಮನೆ ಅಳು ಬರುತ್ತದೆ. ಯಾವಾಗಲೂ ಸುಸ್ತು. ರಾತ್ರಿ ಮೂರಕ್ಕೇ ಎಚ್ಚರ. ಬಸ್ಸಿನಲ್ಲಿ ಎರಡು ಸಲ ಎದೆ ಡವಡವ ಹೊಡೆದುಕೊಂಡು ಉಸಿರು ಕಟ್ಟಿದ ಹಾಗಾಯಿತು. ಇಸಿಜಿ ಮಾಡಿದರು, ಸರಿ ಇದೆ ಅಂದರು. ಒಮ್ಮೊಮ್ಮೆ ‘ಮಲಗಿದವಳು ಏಳದೇ ಇದ್ದರೆ ಸಾಕು’ ಅನ್ನಿಸುತ್ತದೆ. ಅಮ್ಮ ದೃಷ್ಟಿಯಾಗಿದೆ ಅಂತ ತಾಯತ ಕಟ್ಟಿಸಿದ್ದಾರೆ. ಗೆಳತಿ ‘ಸೆಲ್ಫ್ ಕೇರ್ ಮಾಡ್ಕೋ’ ಅಂತ ರೀಲ್ಸ್ ಕಳಿಸುತ್ತಾಳೆ. ನನಗೆ ಭಾನುವಾರ ಅರ್ಧ ಗಂಟೆ ಸುಮ್ನೆ ಕೂತರೂ ತಪ್ಪು ಮಾಡಿದ ಹಾಗೆ ಆಗುತ್ತದೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಮನೋವೈದ್ಯರ ಹತ್ತಿರ ಹೋದರೆ ಸಂಬಂಧ ತಪ್ಪಿಹೋಗುತ್ತದಾ? ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ? ಇದು ಕಾಯಿಲೆಯಾ, ಸೋಮಾರಿತನವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಇದು ಸೋಮಾರಿತನ ಅಲ್ಲ. ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುವವರಿಗೆ ಆ ಮಾತು ಯಾವ ಲೆಕ್ಕದಲ್ಲೂ ಒಪ್ಪುವುದಿಲ್ಲ. ಅದನ್ನು ನಿಮಗೆ ನೀವೇ ಹೇಳಿಕೊಳ್ಳುವುದನ್ನು ಇವತ್ತೇ ಬಿಡಿ.

ಇನ್ನೊಂದು ಸಾಲಿನ ಹತ್ತಿರ ನಾನು ನಿಲ್ಲಲೇಬೇಕು. ‘ಮಲಗಿದವಳು ಏಳದೇ ಇದ್ದರೆ ಸಾಕು’ ಅಂತ ಬರೆದಿದ್ದೀರಿ. ಇಸಿಜಿಗೂ ತಾಯತಕ್ಕೂ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ ಸೇರಿಸಿದ್ದೀರಿ. ನನ್ನ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಬರುವ ಹೆಣ್ಣುಮಕ್ಕಳೂ ಇದನ್ನು ಹೀಗೇ ಹೇಳುತ್ತಾರೆ. ಎಲ್ಲ ಮಾತು ಮುಗಿಸಿ, ಎದ್ದು, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, ‘ಮೇಡಂ, ಇನ್ನೊಂದು...’ ಅನ್ನುತ್ತಾರೆ. ನಾನು ಅವರನ್ನು ವಾಪಸು ಕೂರಿಸುತ್ತೇನೆ. ಏಕೆಂದರೆ ಅವತ್ತಿನ ಮುಖ್ಯ ಮಾತು ಅದೇ ಆಗಿರುತ್ತದೆ.

ಬಹಳ ದಿನ ದಣಿದ ಮನಸ್ಸಿಗೆ ಇಂಥ ಯೋಚನೆ ಬರುವುದುಂಟು. ಬಂದ ಮಾತ್ರಕ್ಕೆ ನೀವು ಕೆಟ್ಟವರಲ್ಲ, ಹುಚ್ಚೂ ಅಲ್ಲ. ಆದರೆ ಇದನ್ನು ಒಳಗೇ ಇಟ್ಟುಕೊಳ್ಳಬೇಡಿ. ನೀವು ನಂಬುವ ಒಬ್ಬರಿಗೆ ಈ ವಾರವೇ ಹೇಳಿ. ಆ ಯೋಚನೆ ಜಾಸ್ತಿಯಾದರೆ, ಅಥವಾ ‘ನಾನೇ ಏನಾದರೂ ಮಾಡಿಕೊಳ್ಳಬೇಕು’ ಅನ್ನುವ ಕಡೆ ತಿರುಗಿದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ಹೊತ್ತಿಗೇ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು 14416ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 14416 ಅಂದರೆ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದಾಗಲೂ ಕರೆ ಮಾಡಬಹುದು.

ಈಗ ನಿಮ್ಮ ಪತ್ರಕ್ಕೆ ಬರೋಣ. ಎರಡು ಸಲ ಓದಿದೆ. ಅಜ್ಜಿಯ ಬಿಸಿನೀರು ಇದೆ, ತಮ್ಮನ ಡಬ್ಬಿ ಇದೆ, ಮನೆಯವರೆಲ್ಲರ ತಿಂಡಿ ಇದೆ. ನೀವು ಯಾವಾಗ ಉಣ್ಣುತ್ತೀರಿ ಅನ್ನುವುದು ಎಲ್ಲೂ ಇಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸುಸ್ತು, ಅಳು ಅಂತ ಬರುವ ಪ್ರತಿ ಹುಡುಗಿಗೂ ನಾನು ಮೊದಲು ಕೇಳುವುದು ಇದನ್ನೇ: ಇವತ್ತು ಬೆಳಿಗ್ಗೆ ಏನು ತಿಂದಿರಿ? ಕೂತು ತಿಂದಿರಾ, ನಿಂತು ತಿಂದಿರಾ? ಹಿಂದೆ ಒಬ್ಬ ಹುಡುಗಿ ಬಂದಿದ್ದಳು (ಗುರುತು ಸಿಗದ ಹಾಗೆ ಬದಲಿಸಿ ಹೇಳುತ್ತಿದ್ದೇನೆ). ಅವಳ ಉತ್ತರ ನನಗಿನ್ನೂ ನೆನಪಿದೆ. ‘ಎಲ್ಲರಿಗೂ ದೋಸೆ ಹುಯ್ದು, ಕೊನೇದು ಹರಿದುಹೋದ್ರೆ ಅದು ನಂದು ಮೇಡಂ. ಒಲೆ ಹತ್ರಾನೇ ತಿಂತೀನಿ. ಬಸ್ ಹಾರನ್ ಕೇಳಿಸಿದ್ರೆ ಅದೂ ಇಲ್ಲ.’ ಮಧ್ಯಾಹ್ನ ಕಾಫಿ, ಬನ್ನು. ರಾತ್ರಿ ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ತಳದ ಸಾರು. ಅವಳ ಹಿಮೋಗ್ಲೋಬಿನ್ 7.8 ಇತ್ತು. ಆರು ತಿಂಗಳಿಂದ ‘ನನ್ನ ಮನಸ್ಸೇ ಸರಿ ಇಲ್ಲ’ ಅಂದುಕೊಂಡಿದ್ದಳು. ರಕ್ತ ತುಂಬುತ್ತಾ ಬಂದ ಹಾಗೆ ಅರ್ಧ ದುಃಖ ಕರಗಿತು. ಉಳಿದರ್ಧಕ್ಕೆ ಮಾತು ಬೇಕಾಯಿತು. ಎರಡೂ ನಿಜವಾಗಿತ್ತು.

ಗರ್ಭಿಣಿಯಲ್ಲದ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಇದು ಇತ್ತು. ಕರ್ನಾಟಕದಲ್ಲಿ ಶೇ 47.8. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಸುಸ್ತು, ಏದುಸಿರು, ಎದೆ ಹೊಡೆದುಕೊಳ್ಳುವುದು, ಗಮನ ನಿಲ್ಲದಿರುವುದು, ಸಿಡುಕು, ಇವೆಲ್ಲ ರಕ್ತಹೀನತೆಯಲ್ಲೂ ಬರುತ್ತವೆ. ಥೈರಾಯ್ಡ್ ಗ್ರಂಥಿ ನಿಧಾನವಾದರೆ ಸುಸ್ತಿನ ಜೊತೆ ಮಂಕು, ಅಳು, ಮೈ ಭಾರ. ಬಿ12 ಕಡಿಮೆಯಾದರೆ, ಅದರಲ್ಲೂ ಮೊಟ್ಟೆ ಮಾಂಸ ತಿನ್ನದೆ ಹಾಲು ಮೊಸರೂ ಕಡಿಮೆ ಇರುವವರಲ್ಲಿ, ಕೈಕಾಲು ಜೋಮು, ಮರೆವು, ಬೇಸರ. ಹಾಗಾಗಿ ಮೊದಲ ಕೆಲಸ ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಸಾಧ್ಯವಾದರೆ ಬಿ12. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರೇ ಬರೆದುಕೊಡುತ್ತಾರೆ. ಇದಕ್ಕೆ ಮನೋವೈದ್ಯರ ಬಾಗಿಲು ತಟ್ಟಬೇಕಾಗಿಲ್ಲ, ಮನೆಯಲ್ಲಿ ಹೇಳಲೂ ಮುಜುಗರವಿಲ್ಲ.

ಕಬ್ಬಿಣದ ಮಾತ್ರೆ ಕೊಟ್ಟರೆ ಒಂದು ಮಾತು ನೆನಪಿಡಿ. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ನಂತರಕ್ಕೆ ಬದಲಿಸಿ, ಬಿಡಬೇಡಿ. ರಿಪೋರ್ಟ್ ಸರಿಯಾದ ಮೇಲೂ ಕೆಲವು ತಿಂಗಳು ವೈದ್ಯರು ಮುಂದುವರಿಸಲು ಹೇಳುತ್ತಾರೆ, ದಾಸ್ತಾನು ತುಂಬಬೇಕಲ್ವಾ. ಹೆಚ್ಚಿನವರು ಮಧ್ಯದಲ್ಲೇ ಕೈಬಿಡುತ್ತಾರೆ. ಮುಟ್ಟಿನಲ್ಲಿ ತುಂಬಾ ರಕ್ತ ಹೋಗುತ್ತಿದ್ದರೆ ಅದನ್ನೂ ಹೇಳಿ. ತೂತಿನ ಕೊಡಕ್ಕೆ ನೀರು ತುಂಬಿದ ಹಾಗಾಗಬಾರದು.

ಇನ್ನೊಂದು ಕೆಲಸವಿದೆ, ಕಾಸಿಲ್ಲದ್ದು. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಅತ್ತ ದಿನಕ್ಕೆ ಒಂದು ಚುಕ್ಕಿ ಇಡಿ. ನಿದ್ದೆ ಕೆಟ್ಟ ರಾತ್ರಿಗೆ ಇನ್ನೊಂದು ಚುಕ್ಕಿ. ಮುಟ್ಟಾದ ದಿನಕ್ಕೆ ಗೆರೆ. ಎರಡು ತಿಂಗಳು ಹೀಗೆ ಗುರುತು ಮಾಡಿ. ಚುಕ್ಕಿಗಳೆಲ್ಲ ಮುಟ್ಟಿನ ಹಿಂದಿನ ವಾರದಲ್ಲೇ ಗುಂಪು ಕಟ್ಟಿ, ಮುಟ್ಟಾದ ಎರಡು ಮೂರು ದಿನಕ್ಕೆ ಮಾಯವಾದರೆ ಅದರ ದಾರಿಯೇ ಬೇರೆ, ಚಿಕಿತ್ಸೆಯೂ ಸ್ವಲ್ಪ ಬೇರೆ. ತಿಂಗಳಿಡೀ ಹರಡಿದ್ದರೆ ಬೇರೆ. ಈ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟು ತಂದರೆ, ನನ್ನಂಥವಳಿಗೆ ಅರ್ಧ ಗಂಟೆ ಪ್ರಶ್ನೆ ಕೇಳುವುದು ತಪ್ಪುತ್ತದೆ. ಆದರೆ ಚಿಕಿತ್ಸೆಗೆ ಹೋಗಲು ಈ ಎರಡು ತಿಂಗಳು ಮುಗಿಯಲಿ ಅಂತ ಕಾಯಬೇಡಿ. ಅದು ಜೊತೆಗೆ ನಡೆಯಲಿ.

ಹಾಗಾದರೆ ನಿಮ್ಮದು ಬರೀ ರಕ್ತದ ತೊಂದರೆಯಾ? ನನಗೆ ಹಾಗನ್ನಿಸುವುದಿಲ್ಲ. ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ದಿನಾ, ದಿನದ ಬಹುಭಾಗ ಮನಸ್ಸು ಕುಗ್ಗಿದ್ದರೆ, ಅದರ ಜೊತೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಟ್ಟಿದ್ದರೆ ನಾವು ಅದನ್ನು ಖಿನ್ನತೆ ಅಂತ ನೋಡುತ್ತೇವೆ. ನಿಮಗೆ ನಾಲ್ಕು ತಿಂಗಳಾಗಿದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಖಿನ್ನತೆಯಲ್ಲಿ ಬಹಳ ಕಾಣುವ ಲಕ್ಷಣ. ಬಸ್ಸಿನಲ್ಲಿ ಆದದ್ದು ಗಾಬರಿಯ ದಾಳಿ ಇರಬಹುದು. ಅದು ಹತ್ತು ನಿಮಿಷದೊಳಗೆ ಏರಿ, ಆಮೇಲೆ ತಾನೇ ಇಳಿಯುತ್ತದೆ. ಜೀವ ಹೋಗುತ್ತದೆ ಅನ್ನಿಸಿದರೂ ಹೋಗುವುದಿಲ್ಲ. ಮತ್ತೆ ಬಂದರೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಳ್ಳಿ, ಪಾದ ಎರಡನ್ನೂ ನೆಲಕ್ಕೆ ಒತ್ತಿ, ನಾಲ್ಕು ಎಣಿಸುತ್ತಾ ಉಸಿರು ತಗೊಂಡು ಆರು ಎಣಿಸುತ್ತಾ ಬಿಡಿ. ಬಿಡುವುದು ನಿಧಾನವಾಗಿರಲಿ, ಅದೇ ಮುಖ್ಯ. ಬಸ್ಸಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಒಂದು ಸಲ ತಪ್ಪಿಸಿದರೆ ಮುಂದಿನ ಸಲ ಹೆದರಿಕೆ ಎರಡರಷ್ಟು ಆಗಿರುತ್ತದೆ.

ಪತ್ರ ಓದಿ ಕಾಯಿಲೆ ಇದೇ ಅಂತ ಮುದ್ರೆ ಒತ್ತುವುದು ಸರಿಯಲ್ಲ. ಎದುರು ಕೂತು ನೋಡಬೇಕು. ಆದರೆ ಹೋಗಿ ತೋರಿಸಿಕೊಳ್ಳುವಷ್ಟು ಕಾರಣ ಇದರಲ್ಲಿದೆ ಅಂತ ಗಟ್ಟಿಯಾಗಿ ಹೇಳಬಲ್ಲೆ.

‘ಮನೆಯಲ್ಲಿ ಏನೂ ಕಷ್ಟ ಇಲ್ಲ’ ಅಂತ ಬರೆದಿದ್ದೀರಿ. ಖಿನ್ನತೆ ಬರಲು ದೊಡ್ಡ ಕಷ್ಟವೇ ಬೇಕು, ಸಾವೋ ಸಾಲವೋ ಆಗಿರಬೇಕು ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟ ನಂಬಿಕೆ. ಅದು ನಿಜವಲ್ಲ. ವಂಶದಲ್ಲಿ ಇರಬಹುದು, ಹಾರ್ಮೋನಿನ ಏರುಪೇರು ಇರಬಹುದು, ತಿಂಗಳುಗಟ್ಟಲೆ ನಿದ್ದೆ ಕಡಿಮೆಯಾದದ್ದಿರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಒಂದೂವರೆ ಪಟ್ಟು ಹೆಚ್ಚು. ಅದಕ್ಕೆ ದೇಹ ಒಂದು ಕಾರಣ, ದಿನಚರಿ ಇನ್ನೊಂದು. 2019ರಲ್ಲಿ ಕೇಂದ್ರ ಸರ್ಕಾರ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ ಮಾತ್ರ. ನಾಲ್ವರಲ್ಲಿ ಸುಮಾರು ಮೂವರು ಕೈಯೇ ಹಾಕಿರಲಿಲ್ಲ.

ನಿಮ್ಮ ದಿನವನ್ನು ಹಾಗೇ ಲೆಕ್ಕ ಹಾಕಿದೆ. ಮನೆಗೆಲಸಕ್ಕೆ ಬೆಳಿಗ್ಗೆ ಮೂರು ಗಂಟೆ ಹೊತ್ತು, ಸಂಜೆ ನಾಲ್ಕು ಗಂಟೆ ಹೊತ್ತು. ನಡುವೆ ಹನ್ನೊಂದು ಗಂಟೆ ಕೆಲಸಕ್ಕೂ ಬಸ್ಸಿಗೂ. ಉಳಿದದ್ದು ಆರು ಗಂಟೆ. ಅದರಲ್ಲಿ ಮೂರಕ್ಕೆ ಎಚ್ಚರವಾದರೆ ನಿದ್ದೆ ನಾಲ್ಕು ಗಂಟೆ. ಬೈಗುಳ, ಹೊಡೆತ ಇಲ್ಲದಿದ್ದರೂ ಇದು ಕಷ್ಟವೇ. ಯಾರೂ ಕೆಟ್ಟವರಲ್ಲದ ಮನೆಯಲ್ಲೂ ಒಬ್ಬಳು ಸವೆದುಹೋಗಬಹುದು.

ಇನ್ನು ನಿಮ್ಮ ಗೆಳತಿ ಹೇಳುವ ಸೆಲ್ಫ್ ಕೇರ್. ಅವಳ ಮನಸ್ಸು ಒಳ್ಳೆಯದು. ಮುಖಕ್ಕೆ ಪ್ಯಾಕ್ ಹಾಕಿಕೊಳ್ಳುವುದು, ಮೊಬೈಲಿನ ಆಪ್‌ನಲ್ಲಿ ಧ್ಯಾನ, ಬೆಳಿಗ್ಗೆ ಅರ್ಧ ಗಂಟೆ ಡೈರಿ ಬರೆಯುವುದು, ಯಾವುದೂ ತಪ್ಪಲ್ಲ. ಆದರೆ ನಿಮಗೆ ಅದು ಹದಿನೆಂಟು ಗಂಟೆಯ ಕೆಲಸದ ಪಟ್ಟಿಗೆ ಹತ್ತೊಂಬತ್ತನೆಯದು. ಮಾಡಲು ಆಗದಿದ್ದರೆ ‘ನನ್ನನ್ನು ನಾನು ನೋಡಿಕೊಳ್ಳಲೂ ಬರುವುದಿಲ್ಲ’ ಅಂತ ಇನ್ನೊಂದು ತಪ್ಪಿನ ಭಾರ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು: ನಿಮ್ಮಂಥ ಹೆಣ್ಣುಮಕ್ಕಳಿಗೆ ಆರೈಕೆ ಅಂದರೆ ದಿನಕ್ಕೆ ಏನನ್ನೋ ಸೇರಿಸುವುದಲ್ಲ. ದಿನದಿಂದ ಒಂದು ಕೆಲಸ ತೆಗೆಯುವುದು, ಆ ಜಾಗದಲ್ಲಿ ನಿದ್ದೆ, ಊಟ ವಾಪಸು ಬರುವ ಹಾಗೆ ನೋಡಿಕೊಳ್ಳುವುದು.

ಯಾವುದನ್ನು ತೆಗೆಯುವುದು? ಇಡೀ ಮನೆಯನ್ನು ಬದಲಿಸಲು ಹೊರಡಬೇಡಿ. ಸೋತು ಹೋಗುತ್ತೀರಿ. ಒಂದೇ ಒಂದು ಕೆಲಸ ಆರಿಸಿ. ನನಗೆ ಕಂಡದ್ದು ತಮ್ಮನ ಡಬ್ಬಿ. ಡಬ್ಬಿ ಹೊತ್ತು ಹೋಗುವ ವಯಸ್ಸಿನ ಹುಡುಗ ಅದನ್ನು ತಾನೇ ತುಂಬಿಕೊಳ್ಳಬಲ್ಲ, ಸಂಜೆ ತೊಳೆದಿಡಬಲ್ಲ. ಕೇಳುವಾಗ ಜಗಳದ ಮಧ್ಯೆ ಕೇಳಬೇಡಿ, ಅಳುತ್ತಲೂ ಬೇಡ. ಅಮ್ಮನ ಹತ್ತಿರ ಒಬ್ಬರೇ ಇದ್ದಾಗ, ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಇರುವಾಗ ಹೇಳಿ: ‘ಅಮ್ಮ, ನಂಗೆ ಮೈಯಲ್ಲಿ ಆಗ್ತಿಲ್ಲ. ರಕ್ತ ಪರೀಕ್ಷೆ ಮಾಡಿಸ್ತಿದ್ದೀನಿ. ಅಲ್ಲಿವರೆಗೆ ತಮ್ಮನ ಡಬ್ಬಿ ಅವನೇ ನೋಡ್ಕೊಳ್ಳಲಿ.’ ಅಜ್ಜಿ ‘ಗಂಡು ಹುಡುಗನ ಕೈಲಿ ಪಾತ್ರೆ ತೊಳೆಸ್ತೀಯಾ’ ಅನ್ನಬಹುದು. ಮೊದಲ ವಾರ ಡಬ್ಬಿ ಸಿಂಕಿನಲ್ಲೇ ಒಣಗಿರಬಹುದು. ಆಗ ‘ಹೋಗ್ಲಿ ಬಿಡು’ ಅಂತ ನೀವೇ ತೊಳೆದರೆ ಕತೆ ಅಲ್ಲಿಗೆ ಮುಗಿಯಿತು. ಒಣಗಲು ಬಿಡಿ. ಈ ಒಂದು ವಾರ ಏನೂ ಮಾಡದೆ ಸುಮ್ಮನಿರುವುದು ಹೊರಗಿನ ಮಾತಿಗಿಂತ ನಿಮ್ಮ ಒಳಗಿನ ತಪ್ಪಿತಸ್ಥ ಭಾವಕ್ಕೇ ಕಷ್ಟ. ಆ ಭಾವ ಬಂದರೆ ನೀವು ತಪ್ಪು ಮಾಡಿದ್ದೀರಿ ಅಂತ ಅರ್ಥವಲ್ಲ. ಚಿಕ್ಕಂದಿನಿಂದ ಆದ ಅಭ್ಯಾಸ ಅಲುಗಾಡುತ್ತಿದೆ ಅಂತ ಅರ್ಥ.

ಒಂದು ಎಚ್ಚರಿಕೆ. ಇದು ಬೈಗುಳ, ಹೊಡೆತ ಇಲ್ಲದ ಮನೆಗೆ ಹೇಳಿದ ಮಾತು. ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ‘ಆಗಲ್ಲ’ ಅಂದರೆ ಕೈ ಎತ್ತುವವರಿದ್ದರೆ, ಡಬ್ಬಿಯಿಂದ ಶುರು ಮಾಡಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ. ತಕ್ಷಣದ ಅಪಾಯವಾದರೆ 112.

ನಿದ್ದೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೂರಕ್ಕೆ ಎಚ್ಚರವಾದಾಗ ಮೊಬೈಲ್ ನೋಡಬೇಡಿ, ಗಂಟೆಯೂ ನೋಡಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ವಾಪಸು ಮಲಗಿ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ. ಸಂಜೆ ಐದರ ಕಾಫಿಯಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ.

ಈಗ ನೀವು ಹೆದರಿರುವ ಕಡೆಗೆ ಬರುತ್ತೇನೆ, ಅಂದರೆ ಮನೋವೈದ್ಯರ ಕಡೆಗೆ.

ಸುಮ್ಮನಿದ್ದು ನೋಡುವುದು ಒಂದು ದಾರಿ. ಬಹಳ ಜನ ಹಿಡಿಯುವುದು ಅದನ್ನೇ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಶೇ 85ರಷ್ಟು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಕೆಲವರಿಗೆ ತಾನೇ ತಿಳಿಯಾಗುವುದೂ ಉಂಟು. ಆದರೆ ನಾಲ್ಕು ತಿಂಗಳಾಗಿರುವಾಗ, ‘ಏಳದೇ ಇದ್ದರೆ ಸಾಕು’ ಅನ್ನಿಸುವಾಗ ಕಾಯುವುದಕ್ಕೆ ನಾನು ಒಪ್ಪುವುದಿಲ್ಲ.

ಎರಡನೆಯದು ಮಾತಿನ ಚಿಕಿತ್ಸೆ. ಕೌನ್ಸೆಲಿಂಗ್ ಅಂದರೆ ಬುದ್ಧಿವಾದ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ನಿಮ್ಮ ಯೋಚನೆ, ನಡವಳಿಕೆ ಎಲ್ಲಿ ಸಿಕ್ಕುಬಿದ್ದಿದೆ ಅಂತ ಹುಡುಕಿ, ವಾರವಾರ ಸಣ್ಣ ಬದಲಾವಣೆ ಮಾಡಿ ನೋಡುವ ಕೆಲಸ. ಕಡಿಮೆ, ಮಧ್ಯಮ ಮಟ್ಟದ ಖಿನ್ನತೆಗೆ ಇದೊಂದೇ ಸಾಕಾಗುವುದುಂಟು. ಎಂಟು ಹತ್ತು ಭೇಟಿ ಬೇಕಾಗಬಹುದು, ಫಲ ನಿಧಾನ. ಅಪಾಯ ಎಲ್ಲಿ ಅಂದರೆ, ಯಾರು ಬೇಕಾದರೂ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳಿ. ಕೇಳುವುದು ಅವಮರ್ಯಾದೆ ಅಲ್ಲ. ‘ಮದುವೆಯಾದರೆ ಎಲ್ಲ ಸರಿ ಹೋಗುತ್ತೆ’ ಅಂತ ಹೇಳುವ ಕೌನ್ಸೆಲರ್ ಹತ್ತಿರ ಎರಡನೇ ಸಲ ಹೋಗಬೇಡಿ.

ಮೂರನೆಯದು ಮಾತ್ರೆ. ಖಿನ್ನತೆಗೆ ಮೊದಲು ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಇನ್ನೂ ಬೇಕು, ಇನ್ನೂ ಬೇಕು ಅನ್ನಿಸುವ ಮಾತ್ರೆಗಳಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಕಷ್ಟವೆಂದರೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ವಾರ ವಾಕರಿಕೆ, ತಲೆನೋವು, ಚಡಪಡಿಕೆ ಇರಬಹುದು. 25ಕ್ಕಿಂತ ಚಿಕ್ಕವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗುವುದುಂಟು. ನಿಮಗೆ 24. ಅದಕ್ಕೇ ಮಾತ್ರೆ ಕೊಟ್ಟ ವೈದ್ಯರು ಒಂದೆರಡು ವಾರದಲ್ಲೇ ಮತ್ತೆ ಬರಲು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಜೀವನಪೂರ್ತಿ ಬೇಕಾಗುವುದು ಕೆಲವರಿಗೆ ಮಾತ್ರ. ಮೊದಲ ಸಲ ಬಂದವರಿಗೆ ಸಾಮಾನ್ಯವಾಗಿ ಪೂರ್ತಿ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಕೊಟ್ಟು, ನಿಧಾನವಾಗಿ ಇಳಿಸಿ ನಿಲ್ಲಿಸುತ್ತೇವೆ. ‘ಆರಾಮಾಯ್ತು’ ಅಂತ ಒಂದೇ ದಿನ ನಿಲ್ಲಿಸಿದರೆ ತಲೆಸುತ್ತು, ಸಿಡುಕು ಬರುತ್ತದೆ. ಅದನ್ನು ನೋಡಿಯೇ ಜನ ‘ಬಿಡಲಾಗದ ಮಾತ್ರೆ’ ಅಂದುಕೊಳ್ಳುವುದು.

ಬಿಡಲಾಗದ ಮಾತ್ರೆಗಳು ಬೇರೆ ಇವೆ. ಆಲ್ಪ್ರಜೋಲಮ್, ಕ್ಲೋನಜೆಪಮ್. ರಾತ್ರಿ ನುಂಗಿದರೆ ಅವತ್ತೇ ನಿದ್ದೆ ಬರುತ್ತದೆ, ಹಾಗಾಗಿ ಒಳ್ಳೆಯ ಮಾತ್ರೆ ಅನ್ನಿಸುತ್ತದೆ. ವೈದ್ಯರು ಕೆಲವೇ ವಾರಕ್ಕೆ ಕೊಟ್ಟರೆ ಸರಿ. ಪಕ್ಕದ ಮನೆ ಆಂಟಿಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗಿ ಸಿಕ್ಕಿಹಾಕಿಕೊಂಡವರನ್ನು ಬಹಳ ನೋಡಿದ್ದೇನೆ. ಆ ತಪ್ಪು ಮಾಡಬೇಡಿ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ. ಈ ಕಾರ್ಯಕ್ರಮದ ಮೂಲವೇ ನಮ್ಮ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದು ಆಮೇಲೆ ದೇಶಕ್ಕೆಲ್ಲ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಅಂತ ಮೊದಲೇ ವಿಚಾರಿಸಿಕೊಳ್ಳಿ, ಸುಮ್ನೆ ಅಲೆಯಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ ಇಲ್ಲದಂತಾದ ಮೇಲೆ, ಹಳ್ಳಿಯಿಂದ ಒಬ್ಬರೇ ಬಂದು ನನ್ನೆದುರು ಕೂರುವ ಹೆಣ್ಣುಮಕ್ಕಳನ್ನು ನೋಡುತ್ತಿದ್ದೇನೆ. ‘ಬಸ್ ಚಾರ್ಜಿಗೆ ಅಪ್ಪನ್ನ ಕೇಳಬೇಕಿತ್ತು, ಎಲ್ಲಿಗೆ ಅಂತ ಹೇಳಬೇಕಿತ್ತು’ ಅಂದಳು ಒಬ್ಬಳು. ನೀವು ಹೇಗೂ ದಿನಾ ತಾಲ್ಲೂಕಿಗೆ ಹೋಗುತ್ತೀರಿ. ಮಂಗಳವಾರ ಅರ್ಧ ದಿನ ರಜೆ ಹಾಕಿದರೆ ಸಾಕು.

ಹೋದದ್ದು ಊರಿಗೆಲ್ಲ ಗೊತ್ತಾಗುತ್ತದಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ, ನಿಮ್ಮ ಹಕ್ಕು. 18 ತುಂಬಿದ ನಿಮಗೆ ಚಿಕಿತ್ಸೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ಜೀವಕ್ಕೆ ಅಪಾಯ ಕಂಡರೆ ಮಾತ್ರ ನಾವು ಮನೆಯವರನ್ನು ಕರೆಯಬೇಕಾಗುತ್ತದೆ. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದೂರಿನವರು ಕೂತಿದ್ದರೆ ಕಾಯ್ದೆ ಏನೂ ಮಾಡಲಾರದು, ಅದು ನಿಜ. ಅದೇ ಭಯವಾದರೆ ಟೆಲಿ-ಮಾನಸ್‌ನಿಂದಲೇ ಶುರು ಮಾಡಿ.

ಮದುವೆಯ ವಿಷಯ ಕಷ್ಟದ್ದು. ಸುಳ್ಳು ಧೈರ್ಯ ಹೇಳಲಾರೆ. ‘ಹುಡುಗಿ ತಲೆ ಡಾಕ್ಟರ ಹತ್ರ ಹೋಗ್ತಾಳಂತೆ’ ಅನ್ನುವ ಮಾತಿಗೆ ಸಂಬಂಧ ಮುರಿದದ್ದನ್ನು ಕಂಡಿದ್ದೇನೆ. ಮುಚ್ಚಿಟ್ಟು ಆದ ಮದುವೆಗಳನ್ನೂ ಕಂಡಿದ್ದೇನೆ. ಅದರಲ್ಲಿ ಆಗುವುದು ಹೀಗೆ: ಚಪ್ಪರದ ದಿನ ಮಾತ್ರೆ ನಿಲ್ಲಿಸುತ್ತಾರೆ, ಹೊಸ ಮನೆ, ಹೊಸ ಅಡುಗೆಮನೆ, ನಿದ್ದೆಯಿಲ್ಲ, ಒಂದೆರಡು ತಿಂಗಳಿಗೆ ಕಾಯಿಲೆ ಮರುಕಳಿಸುತ್ತದೆ, ಆಮೇಲೆ ‘ಮೋಸ ಮಾಡಿ ಕೊಟ್ಟರು’ ಅನ್ನುವ ಮಾತು. ನನ್ನ ಅಭಿಪ್ರಾಯ ಹೇಳುತ್ತೇನೆ. ಗುಣವಾಗಿ, ಮಾತ್ರೆ ಮುಗಿಸಿ ಆರಾಮಾಗಿದ್ದರೆ ಹೇಳುವುದು ಬಿಡುವುದು ನಿಮ್ಮ ಇಚ್ಛೆ. ಚಿಕಿತ್ಸೆ ನಡೆಯುತ್ತಿದ್ದರೆ, ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ನೀವೇ ಹೇಳಿ, ಅವರ ಮನೆಯ ಹತ್ತು ಜನರಿಗಲ್ಲ. ‘ನಂಗೆ ಖಿನ್ನತೆ ಇತ್ತು, ಚಿಕಿತ್ಸೆ ತಗೊಳ್ತಿದ್ದೀನಿ, ಕೆಲಸಕ್ಕೆ ಹೋಗ್ತಿದ್ದೀನಿ, ಬೇಕಿದ್ರೆ ನಮ್ಮ ಡಾಕ್ಟರ ಹತ್ರ ಮಾತಾಡಿ’ ಅಂದರೆ ಸಾಕು. ಅವನು ಬೇಡ ಅನ್ನಬಹುದು. ಆ ನೋವು ನಿಜ. ಆದರೆ ಮಾತ್ರೆಯ ಡಬ್ಬವನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಸಂಸಾರ ಮಾಡುವ ನೋವಿಗಿಂತ ಚಿಕ್ಕದು. ಕಾನೂನಿನ ಹೆದರಿಕೆಯೂ ಬೇಡ. 1955ರ ಹಿಂದೂ ವಿವಾಹ ಕಾಯ್ದೆ ಹೇಳುವುದು ಸಂಸಾರಕ್ಕೇ ಯೋಗ್ಯರಲ್ಲದಷ್ಟು ತೀವ್ರವಾದ ಮಾನಸಿಕ ಅಸ್ವಸ್ಥತೆಯ ಬಗ್ಗೆ. ಚಿಕಿತ್ಸೆಯಲ್ಲಿದ್ದು ಕೆಲಸ ಮಾಡಿಕೊಂಡಿರುವವರಿಗೆ ಅದು ತಾನಾಗಿಯೇ ಅನ್ವಯಿಸುವುದಿಲ್ಲ. ನಿಮಗೆ ಸಾಧ್ಯವಾದರೆ ಗಂಡು ನೋಡುವುದನ್ನು ಆರು ತಿಂಗಳು ಮುಂದಕ್ಕೆ ಹಾಕಲು ಅಪ್ಪ ಅಮ್ಮನನ್ನು ಕೇಳಿ. ಈ ಸ್ಥಿತಿಯಲ್ಲಿ ಯಾರನ್ನು ಒಪ್ಪುವುದು, ಯಾರನ್ನು ಬಿಡುವುದು ಅನ್ನುವ ತೀರ್ಮಾನವೇ ಸರಿಯಾಗಿ ಆಗುವುದಿಲ್ಲ.

ತಾಯತ ಇರಲಿ ಬಿಡಿ. ಅಮ್ಮನಿಗೆ ನಿಮ್ಮ ಕಷ್ಟ ಕಾಣಿಸಿದೆ, ಅದಕ್ಕೇ ಕಟ್ಟಿಸಿದ್ದಾರೆ. ಅದನ್ನು ಕಿತ್ತೆಸೆದು ಅವರನ್ನು ದೂರ ಮಾಡಿಕೊಳ್ಳಬೇಡಿ. ‘ದೇವರಿಗೂ ಹೇಳ್ಕೊಂಡಿದ್ದಾಯ್ತಲ್ಲಮ್ಮ, ಡಾಕ್ಟರಿಗೂ ಹೇಳೋಣ’ ಅನ್ನಿ. ಹೊಗೆ ಹಾಕುವುದು, ಹೊಡೆಸುವುದು, ಊಟ ಬಿಡಿಸುವುದು ಅಂತ ಯಾರಾದರೂ ಹೇಳಿದರೆ ಮಾತ್ರ ಖಂಡಿತ ಬೇಡ.

ಮೊದಲ ಭೇಟಿಗೆ ಹೋಗುವಾಗ ರಕ್ತದ ರಿಪೋರ್ಟ್, ಆ ಇಸಿಜಿ, ಕ್ಯಾಲೆಂಡರ್ ಹಾಳೆ, ಈಗ ನುಂಗುತ್ತಿರುವ ಯಾವುದೇ ಮಾತ್ರೆಯ ಹಾಳೆ ಇಷ್ಟು ತಗೊಂಡು ಹೋಗಿ. ಮಾತು ಬಾರದಿದ್ದರೆ ನನಗೆ ಬರೆದ ಈ ಪತ್ರವನ್ನೇ ಅವರ ಮುಂದಿಡಿ. ‘ಏಳದೇ ಇದ್ದರೆ ಸಾಕು’ ಅನ್ನುವ ಸಾಲಿನ ಕೆಳಗೆ ಗೆರೆ ಎಳೆದಿಡಿ, ಅವರ ಕಣ್ಣಿಗೆ ಮೊದಲು ಬೀಳಲಿ. ಹೊರಡುವ ಮುಂಚೆ ತಿಂಡಿ ತಿನ್ನಿ. ಕೂತು.